ಮೀನೆಣ್ಣೆ ಕಡಿಮೆ, ಸಸ್ಯಜನ್ಯ ಎಣ್ಣೆ ಹೆಚ್ಚು: ಒಂದು ಟ್ರೌಟ್ ಫೀಡಿನ ವಿಮರ್ಶೆ

ಮೀನೆಣ್ಣೆಯ ಬಹುಪಾಲನ್ನು ತೆಗೆದು ಆ ಜಾಗಕ್ಕೆ ಸಸ್ಯಜನ್ಯ ಎಣ್ಣೆಯನ್ನು ತುಂಬಿರುವ, ರೇನ್‌ಬೋ ಟ್ರೌಟ್ ಬೆಳೆಗಾರರಿಗಾಗಿ ಮಾರಾಟವಾಗುವ ಪೆಲೆಟ್ ಫೀಡ್ ಒಂದನ್ನು, ಮರಿಗಳು ಬೆರಳುದ್ದ ದಾಟಿದಾಗಿನಿಂದ ಮೀನು ಮಾರಾಟಕ್ಕೆ ಹೋಗುವವರೆಗೆ ಒಂದು ಪೂರ್ಣ ಬೆಳೆಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪಕ್ಕದ ತೊಟ್ಟಿಗಳಲ್ಲಿ ಅದೇ ತಯಾರಕರ ಹಳೆಯ ಫೀಡನ್ನು, ಅಂದರೆ ಮೀನೆಣ್ಣೆಯೇ ಪ್ರಧಾನವಾಗಿರುವುದನ್ನು, ಹೋಲಿಕೆಗಾಗಿ ಮುಂದುವರಿಸಲಾಗಿತ್ತು. ತಯಾರಕರ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣವೂ ದೋಷವೂ ಈ ವರ್ಗದ ಬಹುತೇಕ ಫೀಡುಗಳಿಗೆ ಅನ್ವಯಿಸುವುದರಿಂದ ಒಂದು ಹೆಸರನ್ನು ಎತ್ತಿ ಹೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಮೀನನ್ನು ಬೆಳೆಸುವ ಕೆಲಸವನ್ನು ಈ ಫೀಡ್ ಚೆನ್ನಾಗಿ ಮಾಡುತ್ತದೆ, ಆದರೆ ಚೀಲದ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರುವ ಒಮೆಗಾ-3 ಅಂಕಿಯನ್ನು ನಂಬಿ ಮೀನನ್ನು ಮಾರಲು ಹೊರಟರೆ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ಫೀಡ್ ಏಕೆ ಬಂತು ಎಂಬುದು ಗೊತ್ತಿಲ್ಲದಿದ್ದರೆ ಅದನ್ನು ನ್ಯಾಯವಾಗಿ ಅಳೆಯುವುದು ಕಷ್ಟ. ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ ಮೀನೆಣ್ಣೆ ಹಲವು ದಶಕಗಳಿಂದ ಸುಮಾರು 10 ಲಕ್ಷ ಟನ್ನಿನ ಆಸುಪಾಸಿನಲ್ಲೇ ನಿಂತಿದೆ, ಏಕೆಂದರೆ ಅದಕ್ಕೆ ಮೂಲವಾದ ಆಂಚೊವಿ, ಹೆರಿಂಗ್, ಕ್ಯಾಪೆಲಿನ್‌ನಂಥ ಸಣ್ಣ ಮೀನುಗಳನ್ನು ಸಮುದ್ರದಿಂದ ಇನ್ನಷ್ಟು ಹಿಡಿಯುವುದಕ್ಕೆ ಅವಕಾಶವಿಲ್ಲ. ಒಂದು ಕಾಲದಲ್ಲಿ ಈ ಎಣ್ಣೆಯನ್ನು ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ ಮಾರ್ಗರೀನ್ ತಯಾರಿಸಲು ಬಳಸುತ್ತಿದ್ದರು. ಆಗ ಅದು ಅಗ್ಗದ ಎಣ್ಣೆಯಾಗಿತ್ತು. ಸಾಲ್ಮನ್ ಮತ್ತು ಟ್ರೌಟ್ ಸಾಕಣೆ ಬೆಳೆದಂತೆ ಅದರ ಹೆಚ್ಚಿನ ಪಾಲು ಮೀನಿನ ಫೀಡಿಗೇ ಹೋಗತೊಡಗಿತು, ಉಳಿದದ್ದಕ್ಕೆ ಕ್ಯಾಪ್ಸೂಲ್ ತಯಾರಕರು ಪೈಪೋಟಿಗೆ ನಿಂತರು. 2023ರಲ್ಲಿ ಎಲ್ ನಿನೋ ಪರಿಣಾಮವಾಗಿ ಪೆರು ದೇಶವು ತನ್ನ ಮುಖ್ಯ ಕರಾವಳಿಯ ಮೊದಲ ಆಂಚೊವಿ ಹಂಗಾಮನ್ನೇ ರದ್ದುಪಡಿಸಿದಾಗ ಮೀನೆಣ್ಣೆಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಸಸ್ಯಜನ್ಯ ಎಣ್ಣೆಯಾದರೋ ವರ್ಷಕ್ಕೆ 20 ಕೋಟಿ ಟನ್ನಿಗೂ ಹೆಚ್ಚು ತಯಾರಾಗುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಫೀಡ್ ಕಾರ್ಖಾನೆಯವರು ಯಾವ ಕಡೆಗೆ ಹೊರಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ನಾರ್ವೆಯ ಸಾಲ್ಮನ್ ಫೀಡಿನಲ್ಲಿ 1990ರಲ್ಲಿ ಸುಮಾರು ಶೇ. 24ರಷ್ಟಿದ್ದ ಮೀನೆಣ್ಣೆ 2013ರ ಹೊತ್ತಿಗೆ ಸುಮಾರು ಶೇ. 11ಕ್ಕೆ ಇಳಿದಿತ್ತು, ಅದೇ ಅವಧಿಯಲ್ಲಿ ಮೀನುಪುಡಿಯ ಪಾಲು ಶೇ. 65ರಿಂದ ಶೇ. 18ಕ್ಕೆ ಕುಸಿದಿತ್ತು. ಆದ್ದರಿಂದ ನಾನು ಪರೀಕ್ಷಿಸಿದ ಫೀಡ್ ಹೊಸ ಸಾಹಸವೇನೂ ಅಲ್ಲ, ದೊಡ್ಡ ಉದ್ಯಮವು ನಡೆದು ಸವೆಸಿದ ದಾರಿಯಲ್ಲೇ ಅದು ಬಂದಿದೆ.

ಈ ಫೀಡಿನಲ್ಲಿರುವ ಸಸ್ಯಜನ್ಯ ಎಣ್ಣೆಯಲ್ಲಿ ಮುಖ್ಯವಾದುದು ರೇಪ್‌ಸೀಡ್ ಎಣ್ಣೆ, ಅಂದರೆ ಕ್ಯಾನೋಲಾ ಎಂಬ ಹೆಸರಿನಲ್ಲಿ ಅಡುಗೆಗೂ ಬರುವ, ಸಾಸಿವೆಯ ಕುಟುಂಬದ ಬೀಜದ ಎಣ್ಣೆ. ಅದರೊಂದಿಗೆ ಸ್ವಲ್ಪ ಅಗಸೆ ಎಣ್ಣೆಯನ್ನು ಬೆರೆಸಲಾಗಿದೆ. ಮೀನೆಣ್ಣೆಯನ್ನು ಸಂಪೂರ್ಣವಾಗಿ ತೆಗೆದಿಲ್ಲ, ಮೀನುಪುಡಿಯೂ ಒಂದಿಷ್ಟು ಇದೆ. ಮೀನುಪುಡಿ ಇರುವುದು ಸಣ್ಣ ವಿಷಯವಲ್ಲ, ಏಕೆಂದರೆ ಪುಡಿಯಲ್ಲೇ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು ಮೀನಿನ ಕೊಬ್ಬು ಉಳಿದಿರುತ್ತದೆ ಮತ್ತು ಸೇರಿಸಿದ ಎಣ್ಣೆ ಪೂರ್ತಿ ಸಸ್ಯಮೂಲದ್ದಾದರೂ ಮೀನಿನ ಕನಿಷ್ಠ ಅಗತ್ಯವನ್ನು ಆ ಉಳಿಕೆಯೇ ಎಷ್ಟೋ ಸಲ ಪೂರೈಸಿಬಿಡುತ್ತದೆ. ಮೀನೆಣ್ಣೆಯೇ ಇಲ್ಲದೆ ಮೀನು ಸೊಗಸಾಗಿ ಬೆಳೆಯಿತೆಂಬ ವರದಿಯನ್ನು ಓದುವಾಗ ಆ ಫೀಡಿನಲ್ಲಿ ಮೀನುಪುಡಿ ಎಷ್ಟಿತ್ತೆಂದು ಮೊದಲು ನೋಡಬೇಕು. ಎಣ್ಣೆಯನ್ನೂ ಪುಡಿಯನ್ನೂ ಒಟ್ಟಿಗೆ ಕಡಿತ ಮಾಡಿದಾಗ ಬರುವ ಫಲಿತಾಂಶವೇ ಬೇರೆ.

ಚೀಲ ಬಿಚ್ಚಿದಾಗ ಮೊದಲು ಗಮನಕ್ಕೆ ಬರುವುದು ವಾಸನೆ. ಹಳೆಯ ಫೀಡಿನ ಚೀಲದಿಂದ ಬರುವ, ಬಟ್ಟೆಗೆ ಹತ್ತಿಕೊಂಡು ಸಂಜೆಯವರೆಗೂ ಬಿಡದ ಮೀನಿನ ನಾತ ಇದರಲ್ಲಿ ಬಹಳ ತೆಳು. ಅದರ ಬದಲು ಹುರಿದ ಹಿಂಡಿಯಂಥ ಒಂದು ಮಂದವಾದ ಕಂಪಿದೆ. ಹಿಡಿಯಷ್ಟು ಪೆಲೆಟ್ಟನ್ನು ಬಿಳಿ ಕಾಗದದ ಮೇಲೆ ಸುರಿದು ಅರ್ಧ ದಿನ ಬಿಟ್ಟು ನೋಡಿದರೆ ಎಣ್ಣೆ ಎಷ್ಟು ಜಿನುಗುತ್ತದೆಂಬುದು ಕಲೆಯ ಅಗಲದಿಂದ ತಿಳಿಯುತ್ತದೆ. ಈ ಫೀಡ್ ಈ ಪರೀಕ್ಷೆಯಲ್ಲಿ ಹಳೆಯದಕ್ಕಿಂತ ತುಸು ಹಿಂದೆ ಬಿತ್ತು: ಕಲೆ ಅಗಲವಾಗಿತ್ತು, ಬೆಚ್ಚಗಿನ ದಿನಗಳಲ್ಲಿ ಚೀಲದ ತಳದ ಪೆಲೆಟ್ಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನೀರಿಗೆ ಹಾಕಿದ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪದರವೊಂದು ತೊಟ್ಟಿಯ ಹೊರಹರಿವಿನ ಮೂಲೆಯಲ್ಲಿ ಕಾಣಿಸುತ್ತಿತ್ತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪೆಲೆಟ್ಟನ್ನು ಮೊದಲು ಒತ್ತಡದಲ್ಲಿ ಬೇಯಿಸಿ ಉಬ್ಬಿಸಿ, ಒಣಗಿಸಿ, ಆಮೇಲೆ ಗಾಳಿಯನ್ನು ಹೀರಿ ತೆಗೆದ ಪಾತ್ರೆಯಲ್ಲಿ ಅದರ ರಂಧ್ರಗಳೊಳಗೆ ಎಣ್ಣೆಯನ್ನು ತುಂಬುತ್ತಾರೆ. ರಂಧ್ರಗಳು ದೊಡ್ಡದಾಗಿದ್ದು ಎಣ್ಣೆ ತೆಳ್ಳಗಿದ್ದರೆ ಅದು ಒಳಗೆ ನಿಲ್ಲುವುದಿಲ್ಲ. ಕೆಲವು ತಯಾರಕರು ಇದನ್ನು ತಡೆಯಲು ತಾಳೆ ಎಣ್ಣೆಯಂಥ ಬೇಗ ಗಟ್ಟಿಯಾಗುವ ಕೊಬ್ಬನ್ನು ಸ್ವಲ್ಪ ಬೆರೆಸುತ್ತಾರೆ. ಇಲ್ಲಿ ಹಾಗೆ ಮಾಡಿದಂತಿಲ್ಲ. ಅದು ಕೆಟ್ಟ ನಿರ್ಧಾರವೆಂದು ನಾನು ಹೇಳುವುದಿಲ್ಲ, ಏಕೆಂದರೆ ತಣ್ಣೀರಿನಲ್ಲಿ ತಾಳೆ ಎಣ್ಣೆ ಟ್ರೌಟ್‌ಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಆದರೆ ಜಿನುಗಿ ಹೋಗುವ ಎಣ್ಣೆಗೂ ನಾವು ಹಣ ಕೊಟ್ಟಿರುತ್ತೇವೆ. ಪೆಲೆಟ್ಟಿನ ಗಟ್ಟಿತನ, ಮುಳುಗುವ ವೇಗ, ಚೀಲದ ತಳದ ಪುಡಿ ಇವುಗಳಲ್ಲಿ ದೂರಲು ಏನೂ ಇರಲಿಲ್ಲ.

ಮೀನು ಈ ಫೀಡನ್ನು ತಿನ್ನಲು ಹಿಂಜರಿಯಲಿಲ್ಲ. ಹಳೆಯದರಿಂದ ಹೊಸದಕ್ಕೆ ಬದಲಾಯಿಸಿದ ಮೊದಲ ಕೆಲವು ಹೊತ್ತು ಪೆಲೆಟ್ಟನ್ನು ಬಾಯಿಗೆ ಹಾಕಿಕೊಂಡು ಉಗಿಯುವ ಮೀನುಗಳು ಅಲ್ಲಲ್ಲಿ ಕಂಡರೂ, ಆಮೇಲೆ ಎರಡೂ ತೊಟ್ಟಿಗಳ ಮುಂದೆ ನಿಂತು ಯಾವುದರಲ್ಲಿ ಯಾವ ಫೀಡ್ ಇದೆಯೆಂದು ನೀರಿನ ಗದ್ದಲದಿಂದ ಹೇಳುವುದು ಸಾಧ್ಯವಿರಲಿಲ್ಲ. ತೂಕದಲ್ಲಾಗಲಿ, ಒಂದು ಕಿಲೋ ಮೀನಿಗೆ ಎಷ್ಟು ಫೀಡ್ ಬೇಕಾಯಿತೆಂಬ ಎಫ್‌ಸಿಆರ್ ಲೆಕ್ಕದಲ್ಲಾಗಲಿ, ಸಾವಿನ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಇದು ನನಗೊಬ್ಬನಿಗೆ ಸಿಕ್ಕ ಅದೃಷ್ಟದ ಫಲವಲ್ಲ. ಟ್ರೌಟ್ ಮತ್ತು ಸಾಲ್ಮನ್‌ಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದ ಪ್ರಯೋಗಗಳು, ಮೀನುಪುಡಿ ತಕ್ಕಷ್ಟಿದ್ದಲ್ಲಿ ಸೇರಿಸುವ ಮೀನೆಣ್ಣೆಯ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಸಸ್ಯಜನ್ಯ ಎಣ್ಣೆಯಿಂದ ತುಂಬಿದರೂ ಬೆಳವಣಿಗೆ ಕುಂಠಿತವಾಗುವುದಿಲ್ಲವೆಂದು ಮತ್ತೆ ಮತ್ತೆ ತೋರಿಸಿವೆ.

ಇದು ಸಾಧ್ಯವಾಗುವುದು ಫೀಡಿನ ಎಣ್ಣೆಗೆ ಮೀನಿನ ದೇಹದಲ್ಲಿ ಎರಡು ಬೇರೆ ಬೇರೆ ಕೆಲಸಗಳಿರುವುದರಿಂದ. ಮೊದಲನೆಯದು ಉರುವಲಿನ ಕೆಲಸ: ಈಜಲು, ಬೆಳೆಯಲು, ಉಸಿರಾಡಲು ಬೇಕಾದ ಶಕ್ತಿಯನ್ನು ಕೊಟ್ಟು, ತಿಂದ ಪ್ರೋಟೀನು ಶಕ್ತಿಗಾಗಿ ಸುಟ್ಟುಹೋಗದೆ ಮಾಂಸವಾಗುವಂತೆ ನೋಡಿಕೊಳ್ಳುವುದು. ಎರಡನೆಯದು ಕಟ್ಟಡದ ಕೆಲಸ: ಜೀವಕೋಶದ ಪೊರೆಗಳು, ಮಿದುಳು, ಕಣ್ಣಿನ ಅಕ್ಷಿಪಟಲ ಇವುಗಳ ರಚನೆಗೆ ಬೇಕಾದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು, ಮುಖ್ಯವಾಗಿ ಒಮೆಗಾ-3 ಗುಂಪಿನ ಇಪಿಎ ಮತ್ತು ಡಿಎಚ್‌ಎಗಳನ್ನು ಒದಗಿಸುವುದು. ಮೊದಲ ಕೆಲಸಕ್ಕೆ ಎಣ್ಣೆ ಹೆಚ್ಚು ಬೇಕು, ಎರಡನೆಯದಕ್ಕೆ ಅದರ ಚಿಕ್ಕ ಪಾಲು ಸಾಕು. ರೇಪ್‌ಸೀಡ್ ಎಣ್ಣೆಯಲ್ಲಿ ಸುಮಾರು ಶೇ. 60ರಷ್ಟಿರುವ ಓಲೆಯಿಕ್ ಆಮ್ಲವನ್ನು ಮೀನು ಸಲೀಸಾಗಿ ಸುಡುತ್ತದೆ. ಹಿಂದೆ ಉತ್ತರ ಯುರೋಪಿನಲ್ಲಿ ಬಳಕೆಯಲ್ಲಿದ್ದ ಕ್ಯಾಪೆಲಿನ್ ಮತ್ತು ಹೆರಿಂಗ್ ಎಣ್ಣೆಗಳಲ್ಲೂ ಇಂಥದೇ ಏಕ ಅಪರ್ಯಾಪ್ತ ಆಮ್ಲಗಳು ಹೇರಳವಾಗಿದ್ದು ಇಪಿಎ, ಡಿಎಚ್‌ಎಗಳ ಪ್ರಮಾಣ ಆಂಚೊವಿ ಎಣ್ಣೆಯಲ್ಲಿರುವುದಕ್ಕಿಂತ ಬಹಳ ಕಡಿಮೆಯಿತ್ತು ಎಂಬುದನ್ನು ನೆನೆದರೆ, ಮೀನೆಣ್ಣೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯ ಅಮೃತವೆಂದು ತಿಳಿಯುವುದು ಸರಿಯಲ್ಲವೆಂಬುದು ಗೊತ್ತಾಗುತ್ತದೆ.

ಎರಡನೆಯ ಕೆಲಸದಲ್ಲಿ ಟ್ರೌಟ್‌ಗೆ ಒಂದು ಅನುಕೂಲವಿದೆ. ಸಿಹಿನೀರಿನ ಬಹಳಷ್ಟು ಮೀನುಗಳಂತೆ ಅದು ಸಸ್ಯಜನ್ಯ ಎಣ್ಣೆಯ ಆಲ್ಫಾ ಲಿನೋಲೆನಿಕ್ ಎಂಬ ಒಮೆಗಾ-3 ಆಮ್ಲವನ್ನು ತೆಗೆದುಕೊಂಡು, ಅದರ 18 ಇಂಗಾಲದ ಸರಪಳಿಯನ್ನು 20ಕ್ಕೂ 22ಕ್ಕೂ ಉದ್ದ ಮಾಡಿ, ಹೊಸ ಬಂಧಗಳನ್ನು ಸೇರಿಸಿ ತನಗೆ ಬೇಕಾದ ಇಪಿಎ ಮತ್ತು ಡಿಎಚ್‌ಎಗಳನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಫೀಡಿನ ತೂಕದಲ್ಲಿ ಸುಮಾರು ಶೇ. 1ರಷ್ಟು ಲಿನೋಲೆನಿಕ್ ಆಮ್ಲವಿದ್ದರೆ ಅದರ ಮೂಲಭೂತ ಅಗತ್ಯ ತೀರುತ್ತದೆ. ಅದೂ ಸಿಗದ ಟ್ರೌಟ್‌ಗಳಲ್ಲಿ ಈಜುರೆಕ್ಕೆಗಳ ಅಂಚು ಸವೆಯುವುದನ್ನೂ, ಬಲೆಯಲ್ಲಿ ಎತ್ತಿದೊಡನೆ ಮೂರ್ಛೆ ಹೋದಂತೆ ಮಗ್ಗುಲಾಗುವುದನ್ನೂ 1970ರ ದಶಕದಲ್ಲೇ ಗುರುತಿಸಲಾಗಿತ್ತು. ನಮ್ಮ ತೊಟ್ಟಿಗಳಲ್ಲಿ ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಹೊತ್ತಿನಲ್ಲಿ ಈ ಎರಡನ್ನೂ ಬೇಕೆಂದೇ ಹುಡುಕಿದೆವು, ಕಾಣಲಿಲ್ಲ. ಅಗಸೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೆನಿಕ್ ಆಮ್ಲವೇ ಇರುವುದರಿಂದ ಅದನ್ನು ಸ್ವಲ್ಪ ಬೆರೆಸಿರುವ ತಯಾರಕರ ಜಾಣತನವನ್ನು ಇಲ್ಲಿ ಮೆಚ್ಚಲೇಬೇಕು.

ಆದರೆ ಇದೇ ಮಾತನ್ನು ಸಮುದ್ರದ ಮೀನುಗಳಿಗೆ ಅನ್ವಯಿಸಬಾರದು. ಸೀ ಬಾಸ್, ಸೀ ಬ್ರೀಮ್, ಟರ್ಬಟ್‌ನಂಥ ಮೀನುಗಳಲ್ಲಿ ಈ ಸರಪಳಿಯನ್ನು ಉದ್ದ ಮಾಡುವ ಕಿಣ್ವಗಳ ಸಾಲು ಪೂರ್ಣವಾಗಿಲ್ಲ ಅಥವಾ ತೀರ ದುರ್ಬಲವಾಗಿದೆ. ಅವಕ್ಕೆ ಇಪಿಎ ಮತ್ತು ಡಿಎಚ್‌ಎಗಳನ್ನು ಸಿದ್ಧರೂಪದಲ್ಲೇ ಕೊಡಬೇಕು, ಮರಿಗಳಿಗಂತೂ ಕಡ್ಡಾಯವಾಗಿ. ಇದಕ್ಕೆ ವಿರುದ್ಧವಾದ ತುದಿಯಲ್ಲಿ ತಿಲಾಪಿಯಾ ಮತ್ತು ಗೆಂಡೆ ಜಾತಿಯ ಮೀನುಗಳಿವೆ. ತಿಲಾಪಿಯಾಕ್ಕೆ ಮುಖ್ಯವಾಗಿ ಬೇಕಾಗುವುದು ಸಸ್ಯಜನ್ಯ ಎಣ್ಣೆಗಳಲ್ಲಿ ಧಾರಾಳವಾಗಿ ಸಿಗುವ, ಒಮೆಗಾ-6 ಗುಂಪಿನ ಲಿನೋಲೆಯಿಕ್ ಆಮ್ಲ, ಗೆಂಡೆಗೆ ಲಿನೋಲೆಯಿಕ್ ಮತ್ತು ಲಿನೋಲೆನಿಕ್ ಎರಡೂ ಬೇಕು. ಇವುಗಳನ್ನು ಸಾಕುವವರು ಮೀನೆಣ್ಣೆ ಬೆರೆಸಿದ ದುಬಾರಿ ಫೀಡನ್ನು ಮೀನಿನ ಆರೋಗ್ಯಕ್ಕಾಗಿ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಕಂಪನಿಯ ಒಂದೇ ಬಣ್ಣದ ಚೀಲಗಳಲ್ಲಿ ಬೇರೆ ಬೇರೆ ಮೀನಿನ ಫೀಡುಗಳು ಬರುವುದರಿಂದ ಈ ಎಚ್ಚರಿಕೆಯನ್ನು ಹೇಳಬೇಕಾಯಿತು.

ನನ್ನ ಮುಖ್ಯ ಆಕ್ಷೇಪವಿರುವುದು ಚೀಲದ ಮೇಲಿನ ಪೌಷ್ಟಿಕಾಂಶದ ಪಟ್ಟಿಯ ಬಗ್ಗೆ. ಅಲ್ಲಿ ಒಟ್ಟು ಒಮೆಗಾ-3 ಎಂದು ಒಂದೇ ಸಾಲನ್ನು ಮುದ್ರಿಸಲಾಗಿದೆ, ಮತ್ತು ಆ ಅಂಕಿ ಹಳೆಯ ಫೀಡಿನ ಅಂಕಿಗೆ ಹೆಚ್ಚುಕಡಿಮೆ ಸಮನಾಗಿದೆ. ಮೇಲ್ನೋಟಕ್ಕೆ ಇದನ್ನು ನೋಡಿದ ಬೆಳೆಗಾರ ಏನೂ ಕಳೆದುಕೊಂಡಿಲ್ಲವೆಂದು ಸಮಾಧಾನ ಪಡುತ್ತಾನೆ. ಆದರೆ ಹಳೆಯ ಫೀಡಿನ ಒಮೆಗಾ-3ರಲ್ಲಿ ಬಹುಪಾಲು ಇಪಿಎ ಮತ್ತು ಡಿಎಚ್‌ಎ ಆಗಿದ್ದರೆ, ಹೊಸದರಲ್ಲಿ ಬಹುಪಾಲು ಅಗಸೆ ಮತ್ತು ರೇಪ್‌ಸೀಡ್‌ಗಳಿಂದ ಬಂದ ಲಿನೋಲೆನಿಕ್ ಆಮ್ಲ. ಆಂಚೊವಿ ಎಣ್ಣೆಯನ್ನು ವ್ಯಾಪಾರದಲ್ಲಿ ಶೇ. 18 ಇಪಿಎ, ಶೇ. 12 ಡಿಎಚ್‌ಎ ಎಂಬ ಅಳತೆಯಲ್ಲಿ ಕೊಳ್ಳುವುದು ರೂಢಿ. ರೇಪ್‌ಸೀಡ್, ಸೋಯಾ, ಅಗಸೆ, ಸೂರ್ಯಕಾಂತಿ, ತಾಳೆ ಇವುಗಳಲ್ಲಿ ಯಾವುದರಲ್ಲೂ ಈ ಎರಡು ಆಮ್ಲಗಳು ಇರುವುದೇ ಇಲ್ಲ. ಟ್ರೌಟ್ ತನ್ನ ಪೊರೆಗಳಿಗೆ ಬೇಕಾದಷ್ಟನ್ನು ತಯಾರಿಸಿಕೊಳ್ಳುತ್ತದೆಯೆಂದರೆ ತಿನ್ನುವವರಿಗಾಗಿ ಮಾಂಸದಲ್ಲಿ ದಾಸ್ತಾನು ಮಾಡಿಡುತ್ತದೆಯೆಂದು ಅರ್ಥವಲ್ಲ. ಮನುಷ್ಯನ ದೇಹದಲ್ಲಾದರೋ ಲಿನೋಲೆನಿಕ್ ಆಮ್ಲ ಡಿಎಚ್‌ಎ ಆಗುವುದು ಅತ್ಯಲ್ಪ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ ಎಂದು ಹೇಳಿರುವುದು ಇಪಿಎ ಮತ್ತು ಡಿಎಚ್‌ಎಗಳ ಮೊತ್ತವನ್ನೇ ಹೊರತು ಎಲ್ಲ ಬಗೆಯ ಒಮೆಗಾ-3ಗಳನ್ನು ಕೂಡಿಸಿ ಅಲ್ಲ.

ಮೀನಿನ ಮಾಂಸವು ತಿಂದ ಎಣ್ಣೆಯ ಗುಣವನ್ನೇ ಹೊತ್ತುಕೊಳ್ಳುತ್ತದೆ ಎಂಬುದರಲ್ಲಿ ಈಗ ಸಂಶಯಕ್ಕೆ ಎಡೆಯಿಲ್ಲ. ಸ್ಕಾಟ್ಲೆಂಡಿನ ಸಾಕಣೆ ಸಾಲ್ಮನ್‌ಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 2006ರಲ್ಲಿ ಒಂದು ತುಂಡು ಮೀನಿನಿಂದ ಸಿಗುತ್ತಿದ್ದಷ್ಟು ಇಪಿಎ ಮತ್ತು ಡಿಎಚ್‌ಎ ಪಡೆಯಲು 2015ರ ಹೊತ್ತಿಗೆ ಎರಡು ತುಂಡು ತಿನ್ನಬೇಕಾಗಿತ್ತು. ನಮ್ಮ ತೊಟ್ಟಿಗಳ ಮೀನನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಬಂದ ವರದಿಯೂ ಅದೇ ದಿಕ್ಕಿನಲ್ಲಿತ್ತು: ಹೊಸ ಫೀಡ್ ತಿಂದ ಮೀನಿನಲ್ಲಿ ಓಲೆಯಿಕ್ ಮತ್ತು ಲಿನೋಲೆಯಿಕ್ ಆಮ್ಲಗಳು ಏರಿದ್ದವು, ಇಪಿಎ ತೀವ್ರವಾಗಿ ಇಳಿದಿತ್ತು, ಡಿಎಚ್‌ಎ ಅಷ್ಟು ಇಳಿದಿರಲಿಲ್ಲ. ಕೊನೆಯದು ಆಕಸ್ಮಿಕವಲ್ಲ. ಇಪಿಎಯನ್ನು ಮೀನು ಬೇಕಾದಾಗ ಉರುವಲಾಗಿ ಸುಟ್ಟುಬಿಡುತ್ತದೆ, ಆದರೆ ಡಿಎಚ್‌ಎಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೊರತೆಯ ಕಾಲದಲ್ಲಿ ಅದನ್ನು ಇನ್ನಷ್ಟು ಜೋಪಾನವಾಗಿ ಉಳಿಸಿಕೊಳ್ಳುತ್ತದೆ. ಹಾಗೆಂದು ಹೊಸ ಫೀಡಿನ ಮೀನು ಪೌಷ್ಟಿಕವಲ್ಲವೆಂದು ತೀರ್ಪು ಕೊಡುವುದು ಅತಿರೇಕವಾಗುತ್ತದೆ. ಸೊಪ್ಪು, ಕಾಳುಗಳಿಗೆ ಹೋಲಿಸಿದರೆ ಅದರಲ್ಲಿ ಇಪಿಎ ಮತ್ತು ಡಿಎಚ್‌ಎ ಈಗಲೂ ಚೆನ್ನಾಗಿಯೇ ಇವೆ. ನನ್ನ ಆಕ್ಷೇಪ ಇಷ್ಟೆ: ಎರಡು ಪ್ರತ್ಯೇಕ ಸಾಲುಗಳಲ್ಲಿ ಮುದ್ರಿಸಬೇಕಾದದ್ದನ್ನು ಒಂದೇ ಸಾಲಿನಲ್ಲಿ ಮುದ್ರಿಸಿ ತಯಾರಕರು ಕೊರತೆಯನ್ನು ಮರೆಮಾಚಿದ್ದಾರೆ. ಕೇಳಿದಾಗ ಅವರ ಪ್ರತಿನಿಧಿಯು ವಿವರವಾದ ಪಟ್ಟಿಯನ್ನು ಕಳಿಸಿದರು ಎಂಬುದನ್ನೂ ಹೇಳಬೇಕು. ಅಂದರೆ ಮಾಹಿತಿ ಅವರ ಬಳಿ ಇತ್ತು, ಚೀಲದ ಮೇಲೆ ಮಾತ್ರ ಇರಲಿಲ್ಲ.

ಈ ಕೊರತೆಗೆ ತಯಾರಕರು ಸೂಚಿಸುವ ಪರಿಹಾರವೆಂದರೆ ಅವರದೇ ಮತ್ತೊಂದು ಉತ್ಪನ್ನ, ಮೀನೆಣ್ಣೆ ಹೆಚ್ಚಿರುವ ಫಿನಿಷರ್ ಫೀಡ್. ಬೆಳೆಯ ಬಹುಪಾಲು ಅವಧಿಯಲ್ಲಿ ಸಸ್ಯಜನ್ಯ ಎಣ್ಣೆಯ ಫೀಡನ್ನು ಹಾಕಿ, ಕೊನೆಯ ಕೆಲವು ವಾರಗಳಲ್ಲಿ ಫಿನಿಷರ್‌ಗೆ ಬದಲಾಯಿಸಿದರೆ ಮಾಂಸದ ಇಪಿಎ ಮತ್ತು ಡಿಎಚ್‌ಎ ಹಿಂದಿನ ಮಟ್ಟಕ್ಕೆ ಮರಳುತ್ತವೆಯೆಂಬುದು ಅವರ ಮಾತು. ಈ ವಿಧಾನ ಗಟ್ಟಿಯಾದ ನೆಲೆಯ ಮೇಲೆ ನಿಂತಿದೆ. ಮೀನೆಣ್ಣೆಗೆ ಪರ್ಯಾಯ ಹುಡುಕಲು ಯುರೋಪಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ರಾಫೋವಾ ಎಂಬ ಯೋಜನೆಯು ಸಾಲ್ಮನ್, ಟ್ರೌಟ್, ಸೀ ಬಾಸ್, ಸೀ ಬ್ರೀಮ್ ನಾಲ್ಕರಲ್ಲೂ ಇದನ್ನು ಪರೀಕ್ಷಿಸಿತ್ತು. ಆದರೆ ಮಾರಾಟದ ಕರಪತ್ರದಲ್ಲಿ ಬರೆದಿರುವಷ್ಟು ಸರಳವಾಗಿ ಅದು ನಡೆಯುವುದಿಲ್ಲ, ಏಕೆಂದರೆ ಹಳೆಯ ಕೊಬ್ಬು ಮಾಂಸದಿಂದ ಹೊರಟುಹೋಗುವುದಿಲ್ಲ, ಹೊಸ ಕೊಬ್ಬು ಬಂದು ಸೇರಿದಂತೆ ಅದರ ಪಾಲು ಕಡಿಮೆಯಾಗುತ್ತದೆ ಅಷ್ಟೆ. ಮಜ್ಜಿಗೆಗೆ ನೀರು ಬೆರೆಸಿದರೆ ಹುಳಿ ತೆಳುವಾಗುವಂತೆ ಇಲ್ಲಿಯೂ ಲೆಕ್ಕವೆಲ್ಲ ಪ್ರಮಾಣದ್ದೇ. ಉದಾಹರಣೆಗೆ ಮಾಂಸದ ಕೊಬ್ಬಿನಲ್ಲಿ ಲಿನೋಲೆಯಿಕ್ ಆಮ್ಲ ಶೇ. 16 ಇದೆಯೆಂದೂ, ಬರೀ ಫಿನಿಷರ್ ತಿಂದು ಬೆಳೆದಿದ್ದರೆ ಅದು ಶೇ. 4 ಇರುತ್ತಿತ್ತೆಂದೂ ಇಟ್ಟುಕೊಳ್ಳೋಣ; ಫಿನಿಷರ್ ತಿನ್ನುವ ಅವಧಿಯಲ್ಲಿ ಮೀನಿನ ಒಟ್ಟು ಕೊಬ್ಬು ಎರಡರಷ್ಟಾದರೆ ಅದು ಶೇ. 10ಕ್ಕೆ ಇಳಿಯುತ್ತದೆ, ನಾಲ್ಕರಷ್ಟಾದರೆ ಶೇ. 7ಕ್ಕೆ. ವಾರಗಳನ್ನು ಎಣಿಸುವುದರಿಂದ ಪ್ರಯೋಜನವಿಲ್ಲ, ಕೊಬ್ಬು ಎಷ್ಟು ಪಟ್ಟು ಹೆಚ್ಚಿತೆಂಬುದೇ ಮುಖ್ಯ. ಚಳಿಗಾಲದ ತಣ್ಣೀರಿನಲ್ಲಿ ಮೀನು ಹೆಚ್ಚು ತಿನ್ನದೆ, ಹೆಚ್ಚು ಬೆಳೆಯದೆ ಕಳೆಯುವ ವಾರಗಳಲ್ಲಿ ಫಿನಿಷರ್ ಹಾಕಿದರೆ ಹಣ ಖರ್ಚಾಗುತ್ತದೆಯೇ ಹೊರತು ಮಾಂಸ ಬದಲಾಗುವುದಿಲ್ಲ. ಕರಪತ್ರದಲ್ಲಿ ವಾರಗಳ ಲೆಕ್ಕವನ್ನಷ್ಟೇ ಕೊಟ್ಟು ನೀರಿನ ತಾಪಮಾನದ ಬಗ್ಗೆ ಒಂದು ಮಾತನ್ನೂ ಬರೆಯದಿರುವುದನ್ನು ನಾನು ಈ ಉತ್ಪನ್ನದ ಎರಡನೆಯ ದೊಡ್ಡ ದೋಷವೆಂದು ಪರಿಗಣಿಸುತ್ತೇನೆ.

ಈ ಲೆಕ್ಕದಿಂದ ತಿಳಿಯುವ ಇನ್ನೊಂದು ವಿಷಯ ಬೆಳೆಗಾರನಿಗೆ ಅನುಕೂಲಕರವಾಗಿದೆ. ಚಿಕ್ಕ ಮೀನಿನಲ್ಲಿ ಒಟ್ಟು ಕೊಬ್ಬು ಬಹಳ ಕಡಿಮೆಯಿರುವುದರಿಂದ ಆ ಹಂತದಲ್ಲಿ ತಿಂದ ಎಣ್ಣೆಯ ಗುರುತು ಮಾರಾಟದ ಹೊತ್ತಿಗೆ ಬಹುತೇಕ ಅಳಿಸಿಹೋಗಿರುತ್ತದೆ. ತೂಕ ವೇಗವಾಗಿ ಏರುವ ಕೊನೆಯ ಹಂತದಲ್ಲಿ ತಿಂದದ್ದೇ ಮಾಂಸದಲ್ಲಿ ಎದ್ದು ಕಾಣುತ್ತದೆ. ಆದುದರಿಂದಲೇ ಬೆಲೆಯುಳ್ಳ ಮೀನೆಣ್ಣೆಯನ್ನು ಬೆಳೆಯುದ್ದಕ್ಕೂ ಸಮನಾಗಿ ಹಂಚುವುದಕ್ಕಿಂತ ಕೊನೆಗೆ ಕೂಡಿಟ್ಟು ಕೊಡುವುದು ಹೆಚ್ಚು ವಿವೇಕದ ಕ್ರಮವೆಂದು ನನಗೆ ತೋರುತ್ತದೆ. ಹೀಗೆ ಮಾಡಿದ ತೊಟ್ಟಿಯ ಮೀನಿನಲ್ಲಿ ಇಪಿಎ ಮತ್ತು ಡಿಎಚ್‌ಎಗಳು ಚೆನ್ನಾಗಿ ಚೇತರಿಸಿಕೊಂಡಿದ್ದವು. ಲಿನೋಲೆಯಿಕ್ ಆಮ್ಲ ಮಾತ್ರ, ಹಿಂದಿನ ಪ್ರಯೋಗಗಳಲ್ಲಿ ಕಂಡಂತೆಯೇ, ಹಟ ಹಿಡಿದು ಉಳಿದುಕೊಂಡಿತ್ತು. ಸೋಯಾ ಅಥವಾ ಸಾಧಾರಣ ಸೂರ್ಯಕಾಂತಿ ಎಣ್ಣೆಯನ್ನೇ ಮುಖ್ಯವಾಗಿ ಬಳಸುವ ಫೀಡುಗಳನ್ನು ನಾನು ಆರಿಸದಿರುವುದಕ್ಕೆ ಇದೇ ಕಾರಣ: ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೆಯಿಕ್ ಆಮ್ಲವೇ ಇರುತ್ತದೆ, ರೇಪ್‌ಸೀಡ್‌ನಲ್ಲಿ ಅದು ಶೇ. 20ರ ಆಸುಪಾಸು.

ತಟ್ಟೆಯಲ್ಲಿ ಮೀನು ಹೇಗಿತ್ತೆಂಬುದನ್ನು ಚುಟುಕಾಗಿ ಹೇಳಿ ಮುಗಿಸಬಹುದು. ಬರೀ ಆವಿಯಲ್ಲಿ ಬೇಯಿಸಿ, ಉಪ್ಪನ್ನೂ ಹಾಕದೆ ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದಾಗ ಹೊಸ ಫೀಡಿನ ಮೀನಿನಲ್ಲಿ ಸಮುದ್ರದ ವಾಸನೆ ಕಡಿಮೆಯಿತ್ತು, ರುಚಿ ಸೌಮ್ಯವಾಗಿತ್ತು. ಮಸಾಲೆ ಸೇರಿದ ಮೇಲೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮಾಂಸದ ಕೆಂಬಣ್ಣ ಫೀಡಿಗೆ ಸೇರಿಸುವ ಅಸ್ಟಾಕ್ಸಾಂಥಿನ್‌ನಿಂದ ಬರುವುದರಿಂದ ಎಣ್ಣೆ ಬದಲಾದ ಮಾತ್ರಕ್ಕೆ ಅದು ಮಸುಕಾಗಿರಲಿಲ್ಲ.

ದಾಸ್ತಾನಿನ ವಿಷಯದಲ್ಲಿ ಹೊಸ ಫೀಡಿಗೆ ಹೆಚ್ಚು ಅಂಕ ಕೊಡುತ್ತೇನೆ. ಇಪಿಎ ಮತ್ತು ಡಿಎಚ್‌ಎಗಳಲ್ಲಿ ಐದು, ಆರು ದ್ವಿಬಂಧಗಳಿರುವುದರಿಂದ ಮೀನೆಣ್ಣೆಯು ಗಾಳಿಯ ಆಮ್ಲಜನಕಕ್ಕೆ ಬೇಗ ತುತ್ತಾಗಿ ಕಮಟುತ್ತದೆ. ಒಂದೇ ದ್ವಿಬಂಧವಿರುವ ಓಲೆಯಿಕ್ ಆಮ್ಲ ಅಷ್ಟು ಬೇಗ ಕೆಡುವುದಿಲ್ಲ. ಬಿಚ್ಚಿದ ಚೀಲ ಬೇಸಿಗೆಯಲ್ಲೂ ಹಳೆಯದಕ್ಕಿಂತ ಹೆಚ್ಚು ದಿನ ತಾಳಿತು. ಆದರೆ ಅಗಸೆ ಎಣ್ಣೆಯ ಪಾಲು ಹೆಚ್ಚಿರುವ ಫೀಡುಗಳಿಗೆ ಈ ಪ್ರಶಂಸೆ ಸಲ್ಲದು: ಬಣ್ಣ ಮತ್ತು ವಾರ್ನಿಷ್ ತಯಾರಿಕೆಯಲ್ಲಿ ಅಗಸೆ ಎಣ್ಣೆಯನ್ನು ಬಳಸುವುದೇ ಅದು ಗಾಳಿಗೆ ಒಡ್ಡಿದಾಗ ಪ್ರತಿಕ್ರಿಯಿಸಿ ಗಟ್ಟಿಯಾಗುವ ಗುಣಕ್ಕಾಗಿ. ಹೊಸ ಬಣ್ಣ ಬಳಿದ ಕೋಣೆಯ ವಾಸನೆ ಚೀಲದಿಂದ ಬಂದರೆ ಅದನ್ನು ಮೀನಿಗೆ ಹಾಕದಿರುವುದು ಒಳ್ಳೆಯದು. ಸಮುದ್ರದಲ್ಲಿ ಸೇರಿಕೊಂಡು ಸಣ್ಣ ಮೀನುಗಳ ಕೊಬ್ಬಿನಲ್ಲಿ ಸಂಗ್ರಹವಾಗುವ ಡಯಾಕ್ಸಿನ್ ಮತ್ತು ಪಿಸಿಬಿಗಳೆಂಬ ಮಾಲಿನ್ಯಗಳು ಫೀಡಿಗೆ ಬರುವುದು ಮುಖ್ಯವಾಗಿ ಮೀನೆಣ್ಣೆಯ ಮೂಲಕ. ಅದನ್ನು ಕಡಿಮೆ ಮಾಡಿದಾಗ ಮಾಂಸದಲ್ಲಿ ಅವೂ ಕಡಿಮೆಯಾಗುತ್ತವೆ. ಈ ಲಾಭವನ್ನು ತಯಾರಕರು ಚೀಲದ ಮೇಲೆ ಹೇಳಿಕೊಳ್ಳದಿರುವುದು ವಿಚಿತ್ರವೇ, ಬಹುಶಃ ಅವರೇ ಮಾರುವ ಹಳೆಯ ಫೀಡಿಗೆ ಕಳಂಕ ತಟ್ಟೀತೆಂಬ ಅಂಜಿಕೆ ಇರಬಹುದು.

ಮೀನಿನ ಆರೋಗ್ಯದ ಬಗ್ಗೆ ಎರಡು ಸಂಗತಿಗಳನ್ನು ಗಮನಿಸಬೇಕು. ಸಸ್ಯಜನ್ಯ ಎಣ್ಣೆ ಹೆಚ್ಚಿದ ಫೀಡುಗಳಲ್ಲಿ ಕೆಲವೊಮ್ಮೆ ಕರುಳಿನ ಒಳಗೋಡೆಯ ಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡು ಮುಂದೆ ಸಾಗದೆ ನಿಲ್ಲುತ್ತವೆ. ಕೊಬ್ಬನ್ನು ಕೋಶದಿಂದ ಹೊರಗೆ ಸಾಗಿಸಲು ಬೇಕಾದ ಫಾಸ್ಫೋಲಿಪಿಡ್ ಮತ್ತು ಕೋಲಿನ್ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ. ಮೀನುಪುಡಿಯ ಜೊತೆಗೆ ತಾವಾಗಿ ಬರುತ್ತಿದ್ದ ಇವುಗಳನ್ನು ಈಗ ಲೆಸಿಥಿನ್ ರೂಪದಲ್ಲಿ ಹೊರಗಿನಿಂದ ಸೇರಿಸಬೇಕಾಗುತ್ತದೆ. ಈ ಫೀಡಿನ ಪದಾರ್ಥಗಳ ಪಟ್ಟಿಯಲ್ಲಿ ಸೋಯಾ ಲೆಸಿಥಿನ್ ಇದೆ. ಕೊಯ್ದು ನೋಡಿದ ಮೀನುಗಳ ಕರುಳು ಬೆಳ್ಳಗೆ ಊದಿಕೊಂಡಿರಲಿಲ್ಲ. ಎರಡನೆಯದು, ಒಮೆಗಾ-6 ಮತ್ತು ಒಮೆಗಾ-3ರ ಅನುಪಾತ ಬದಲಾದಾಗ ಉರಿಯೂತವನ್ನು ನಿಯಂತ್ರಿಸುವ ಐಕೋಸನಾಯ್ಡ್ ಎಂಬ ಸಂದೇಶವಾಹಕಗಳ ಸಮತೋಲವೂ ಬದಲಾಗುತ್ತದೆ. ನೆಮ್ಮದಿಯ ತೊಟ್ಟಿಯಲ್ಲಿ ಇದರ ಪರಿಣಾಮ ಕಣ್ಣಿಗೆ ಬೀಳದಿರಬಹುದು, ರೋಗ ಬಂದಾಗ, ನೀರು ಬಿಸಿಯಾದಾಗ, ಸಾಂದ್ರತೆ ಹೆಚ್ಚಾದಾಗ ಬೀಳಬಹುದು. ಸಮುದ್ರದ ಪಂಜರಗಳಲ್ಲಿ ಬೆಳೆಯುವ ಸಾಲ್ಮನ್‌ಗಳಿಗೆ, ಸಣ್ಣ ತೊಟ್ಟಿಗಳ ಪ್ರಯೋಗದಿಂದ ನಿಗದಿಪಡಿಸಿದ ಕನಿಷ್ಠ ಇಪಿಎ ಮತ್ತು ಡಿಎಚ್‌ಎ ಸಾಲದೆಂದು ಇತ್ತೀಚಿನ ಅಧ್ಯಯನಗಳು ತೋರಿಸಿರುವುದನ್ನು ನೋಡಿದರೆ, ನಮ್ಮ ಬೆಳೆಗೆ ರೋಗವೇ ಬಾರದೆ ಹೋದದ್ದರಿಂದ ಈ ಫೀಡ್ ಆ ಪರೀಕ್ಷೆಯಲ್ಲಿ ಗೆದ್ದಿತೆಂದು ಬರೆಯುವುದು ಪ್ರಾಮಾಣಿಕವಾಗುವುದಿಲ್ಲ.

ಸಮುದ್ರದ ಮೇಲಿನ ಹೊರೆ ಇಳಿಯುತ್ತದೆಂಬ ತಯಾರಕರ ಮಾತನ್ನು ಒಪ್ಪಬಹುದು, ಆದರೆ ಹೊರೆಯೆಲ್ಲ ಮಾಯವಾಗುವುದಿಲ್ಲ. ಅದರಲ್ಲಿ ಒಂದು ಪಾಲು ಹೊಲಕ್ಕೆ ವರ್ಗವಾಗುತ್ತದೆ. ಎಣ್ಣೆಬೀಜಕ್ಕೂ ಭೂಮಿ, ನೀರು, ಗೊಬ್ಬರ ಬೇಕು, ತಾಳೆ ಮತ್ತು ಸೋಯಾ ಬೆಳೆಗಳ ಬೆನ್ನಿಗೆ ಕಾಡು ಕಡಿದ ಆರೋಪವೂ ಇದೆ. ಈ ಎರಡನ್ನೂ ಮುಖ್ಯ ಎಣ್ಣೆಯಾಗಿ ಬಳಸದಿರುವುದು ಈ ಫೀಡಿನ ಪರವಾಗಿ ಹೇಳಬಹುದಾದ ಮಾತು.

ಮುಂದಿನ ದಿನಗಳಲ್ಲಿ ಈ ವರ್ಗದ ಫೀಡುಗಳ ನಿಜವಾದ ಸುಧಾರಣೆ ಬರಬೇಕಾದದ್ದು ಮೀನೆಣ್ಣೆಯನ್ನು ಇನ್ನಷ್ಟು ಕಡಿತ ಮಾಡುವುದರಿಂದಲ್ಲ, ಇಪಿಎ ಮತ್ತು ಡಿಎಚ್‌ಎಗಳ ಹೊಸ ಮೂಲಗಳಿಂದ. ಸಮುದ್ರದಲ್ಲೂ ಇವನ್ನು ಮೊದಲು ತಯಾರಿಸುವುದು ಸೂಕ್ಷ್ಮಜೀವಿಗಳೇ, ಮೀನು ಅವನ್ನು ಆಹಾರದ ಮೂಲಕ ಪಡೆಯುತ್ತದೆ. ಸ್ಕಿಜೋಕೈಟ್ರಿಯಂ ಎಂಬ ಸೂಕ್ಷ್ಮಜೀವಿಯನ್ನು ದೊಡ್ಡ ಹುದುಗು ತೊಟ್ಟಿಗಳಲ್ಲಿ ಬೆಳೆಸಿ ತೆಗೆದ ಡಿಎಚ್‌ಎ ಭರಿತ ಎಣ್ಣೆಯು ಈಗಾಗಲೇ ಕೆಲವು ಸಾಲ್ಮನ್ ಫೀಡುಗಳಲ್ಲಿ ಬಳಕೆಯಾಗುತ್ತಿದೆ. ಬ್ರಿಟನ್ನಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರವು ಕ್ಯಾಮೆಲಿನಾ ಎಂಬ ಎಣ್ಣೆಬೀಜದ ಗಿಡದಲ್ಲೂ, ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯು ಕ್ಯಾನೋಲಾದಲ್ಲೂ ಪಾಚಿ ಮುಂತಾದವುಗಳ ವಂಶವಾಹಿಗಳನ್ನು ಸೇರಿಸಿ ಬೀಜದಲ್ಲೇ ಈ ಆಮ್ಲಗಳು ತಯಾರಾಗುವಂತೆ ಮಾಡಿವೆ. ಎರಡನೆಯ ಬೆಳೆಗೆ ಆಸ್ಟ್ರೇಲಿಯದಲ್ಲಿ 2018ರಲ್ಲಿ ಅನುಮತಿ ಸಿಕ್ಕಿದೆ. ಕುಲಾಂತರಿ ಬೆಳೆಗಳನ್ನು ಒಪ್ಪದ ಮಾರುಕಟ್ಟೆಗಳಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಹುದುಗು ತೊಟ್ಟಿಯ ಎಣ್ಣೆ ಬರುತ್ತದೆ. ನಾನು ಪರೀಕ್ಷಿಸಿದ ಫೀಡಿನಲ್ಲಿ ಎರಡೂ ಇಲ್ಲ.

ಟ್ರೌಟ್‌ಗಳನ್ನು ದೊಡ್ಡ ಗಾತ್ರಕ್ಕೆ ಬೆಳೆಸಿ ಮಾರುವವರು, ಫಿನಿಷರ್‌ಗೆ ಬದಲಾಯಿಸಲು ನೀರು ಬೆಚ್ಚಗಿರುವ ಬೆಳವಣಿಗೆಯ ಅವಧಿಯನ್ನು ಮೀಸಲಿಡಬಲ್ಲವರಾದರೆ, ಈ ಫೀಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ತಟ್ಟೆಗಾತ್ರದ ಚಿಕ್ಕ ಮೀನನ್ನೇ ಚಳಿಗಾಲದಲ್ಲಿ ಮಾರುವವರಿಗೆ ಫಿನಿಷರ್ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಅವರು ತಮ್ಮ ಮೀನಿನ ಮೇಲೆ ಒಮೆಗಾ-3 ಎಂದು ಬರೆಯುವ ಮುನ್ನ ಮಾಂಸವನ್ನು ಒಮ್ಮೆ ಪರೀಕ್ಷೆಗೆ ಕಳಿಸಬೇಕು. ಯಾರೇ ಕೊಳ್ಳಲಿ, ಪ್ರತಿ ಬ್ಯಾಚಿನ ಚೀಲಗಳಿಗೂ ಇಪಿಎ ಮತ್ತು ಡಿಎಚ್‌ಎ ಎರಡನ್ನೂ ಬಿಡಿಬಿಡಿಯಾಗಿ ಬರೆದ ಕೊಬ್ಬಿನಾಮ್ಲದ ಪಟ್ಟಿಯನ್ನು, ಮೀನುಪುಡಿ ಎಷ್ಟಿದೆಯೆಂಬ ವಿವರದೊಂದಿಗೆ, ಹಣ ಕೊಡುವ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು. ಎಣ್ಣೆಗಳ ಬೆಲೆ ಏರಿಳಿದಂತೆ ಕಾರ್ಖಾನೆಯವರು ಮಿಶ್ರಣವನ್ನು ಬದಲಾಯಿಸುತ್ತಾರೆ, ಚೀಲದ ಮೇಲಿನ ಒಟ್ಟು ಒಮೆಗಾ-3 ಅಂಕಿ ಮಾತ್ರ ಹಾಗೆಯೇ ಇರುತ್ತದೆ.